ಸ್ತ್ರೀಯರ ಕಾಯಕವೂ ಸ್ತ್ರೀಯರ ಸ್ವತ್ತೂ

(ಕಿಬ್ಬನಹಳ್ಳಿಯಲ್ಲಿ ನೆರೆದ ಭಕ್ತಸಭೆಯಲ್ಲಿ ಮಾಡಲ್ಪಟ್ಟ ಉಪನ್ಯಾಸದ ಪಾಠ)

 

ಶ್ರೀಮಠದ ಉತ್ಸವಕಾಲದ ಉಪನ್ಯಾಸಗಳಿಗೆ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳೇ ವಿಷಯಗಳಾಗಿ ಬಂದಿರುವುದು ಎಲ್ಲರಿಗೂ ವಿದಿತವಾಗಿದೆ. ಇಂದಿನ ವಿಷಯವಾದರೋ ಕೆಲವರಿಗೆ ಹೊಸದಾಗಿ ತೋರಬಹುದು. ಜರ್ಮನಿ ದೇಶದಲ್ಲಿ 1818ರಲ್ಲಿ ಹುಟ್ಟಿದ ಕಾರ್ಲ್ ಮಾರ್ಕ್ಸನೂ ಆತನ ಸಂಗಡಿಗನಾದ ಫ್ರೆಡರಿಕ್ ಏಂಗೆಲ್ಸನೂ ಸ್ತ್ರೀಯರ ದಾಸ್ಯಕ್ಕೆ ಯಾವ ಕಾರಣವನ್ನು ಹೇಳಿದರು, ಆ ಕಾರಣವು ಈ ತೆಂಗಿನ ಸೀಮೆಗೆ ಎಷ್ಟರಮಟ್ಟಿಗೆ ಅನ್ವಯಿಸುವುದು, ಶರಣಧರ್ಮವು ಅದಕ್ಕೆ ಯಾವ ಸಮಾಧಾನವನ್ನು ಹೇಳುವುದು, ಈ ಮೂರು ಅಂಶಗಳು ಇಲ್ಲಿ ವಿಚಾರಿಸಲ್ಪಡುವುವು. ಪರಮತವನ್ನು ಮೊದಲು ಪೂರ್ವಪಕ್ಷವಾಗಿ ಯಥಾವತ್ತಾಗಿ ನಿರೂಪಿಸಿ, ಅದರಲ್ಲಿನ ಸಾರಾಸಾರಗಳನ್ನು ನೋಡಿ, ತರುವಾಯ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಕಾರರ ಪದ್ಧತಿ. ಇಲ್ಲಿಯೂ ಅದೇ ಕ್ರಮ.

ಮಾರ್ಕ್ಸನು ನಿರೀಶ್ವರವಾದಿ, ಆತನ ಮಾತು ಮಠದೊಳಗೇಕೆ ಎಂಬ ಆಕ್ಷೇಪವು ಮೊಟ್ಟಮೊದಲು ಏಳುವುದು ಸಹಜ. ಸಾಂಖ್ಯರು ನಿರೀಶ್ವರವಾದಿಗಳೆಂದು ಪ್ರಸಿದ್ಧರಷ್ಟೆ. ಆದಾಗ್ಯೂ ಶೈವಾಗಮಗಳು ಎಣಿಸುವ 36 ತತ್ತ್ವಗಳಲ್ಲಿ ಸಾಂಖ್ಯರ 25 ತತ್ತ್ವಗಳೂ ಅಡಕವಾಗಿವೆ. ಪ್ರಕೃತಿಯ ವಿಚಾರದಲ್ಲಿ ಸಾಂಖ್ಯರು ಕಂಡದ್ದನ್ನು ಕೈಕೊಂಡು, ಶಿವನ ವಿಚಾರದಲ್ಲಿ ಅವರು ಕಾಣದಿದ್ದುದನ್ನು ಆಚಾರ್ಯರು ಮೇಲೆ ಕೂಡಿಸಿದರು. ದೇವರ ವಿಷಯದಲ್ಲಿ ಮಾರ್ಕ್ಸನ ಮತವು ಭಕ್ತರಿಗೆ ಗ್ರಾಹ್ಯವಲ್ಲ. ದುಡಿಮೆ, ಸ್ವತ್ತು ಇವುಗಳ ವಿಷಯದಲ್ಲಿ ಆತನು ಕಂಡದ್ದೇನೆಂಬುದನ್ನು ಕೇಳದೆಯೇ ತಳ್ಳಿಬಿಡುವುದು ಪಂಡಿತಲಕ್ಷಣವೂ ಅಲ್ಲ.

ಶಾಸ್ತ್ರವಿಚಾರಕ್ಕೆ ಮುಂಚೆ ಕಣ್ಣೆದುರಿನ ಪ್ರತ್ಯಕ್ಷವನ್ನು ನೋಡಬಹುದು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತವರಿಗೆ ಪಶ್ಚಿಮಕ್ಕೆ ತಿಪಟೂರಿನ ದಾರಿ, ದಕ್ಷಿಣಕ್ಕೆ ತುರುವೇಕೆರೆಯ ದಾರಿ, ಉತ್ತರಕ್ಕೆ ಚಿಕ್ಕನಾಯಕನಹಳ್ಳಿಯ ದಾರಿ. ಎತ್ತ ಹೋದರೂ ತೆಂಗಿನ ತೋಟ. ತಿಪಟೂರಿನ ಉಂಡೆ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳವರೆಗೆ ಹೋಗಿ ಈ ಸೀಮೆಗೆ ಹೆಸರನ್ನು ತಂದುಕೊಟ್ಟಿದೆ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಹೆಚ್ಚುಕಡಮೆ ಒಂದು ವರ್ಷಕಾಲ ಅಲ್ಲಿಯೇ ಬಿಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡ ಮೇಲೆ ಇಳಿಸಿ ಸುಲಿದು ಒಡೆಯುವುದು ಇಲ್ಲಿನ ಕ್ರಮ. ಮರ ಹತ್ತಿ ಕಾಯಿ ಕೆಡಹುವುದೂ ಮಟ್ಟೆ ಸುಲಿಯುವುದೂ ಬಹುತರವಾಗಿ ಗಂಡಸರ ಕೆಲಸ. ಕೆಡಹಿದ ಕಾಯಿಗಳನ್ನು ಹೆಕ್ಕಿ ಗುಡ್ಡೆ ಮಾಡುವವರು, ಮಂಕರಿಯಲ್ಲಿ ಹೊತ್ತು ತರುವವರು, ಉಂಡೆ ಒಡೆಯದಂತೆ ಚಿಪ್ಪನ್ನು ಬಿಡಿಸಿ ಕೊಬ್ಬರಿಯನ್ನು ಆರಿಸುವವರು, ಬಿದ್ದ ಗರಿಯನ್ನು ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುವವರು, ನಾರನ್ನು ಹೊಸೆದು ಹಗ್ಗ ಮಾಡುವವರು, ತೋಟದ ಹುಲ್ಲು ಕೊಯ್ದು ಹಸುವಿಗೆ ಹಾಕಿ ಹಾಲು ಕರೆಯುವವರು, ಇವರಲ್ಲಿ ಬಹುಮಂದಿ ಹೆಂಗಸರು. ಇಷ್ಟರ ಮೇಲೆ ಕಾಯಿ ಸುಲಿಯುವ ದಿವಸ ಆಳುಗಳೆಲ್ಲರಿಗೂ ಮುದ್ದೆ ಸಾರು ಆಗಬೇಕು. ಅದನ್ನು ಮಾಡುವ ಕೈಗಳೂ ಹೆಂಗಸರವೇ.

ಈ ಹೆಂಗಸರೆಲ್ಲರೂ ಒಂದೇ ಬಗೆಯವರಲ್ಲವೆಂಬುದನ್ನು ಮರೆಯಕೂಡದು. ತೋಟದ ಮನೆಯ ಸೊಸೆ ಒಬ್ಬಳು. ಊರ ಹೊರಗಿನ ಹಟ್ಟಿಯಿಂದ ಬೆಳಗ್ಗೆ ಬಂದು ಕೂಲಿ ಮಾಡಿ ಸಾಯಂಕಾಲ ಹಿಂದಿರುಗುವ ಹೆಣ್ಣುಮಗಳು ಇನ್ನೊಬ್ಬಳು. ಮೊದಲನೆಯವಳಿಗೆ ಕೂಲಿಯಿಲ್ಲ, ಏಕೆಂದರೆ ಅದು ಅವಳ ‘ಸ್ವಂತ ಮನೆಯ’ ಕೆಲಸ. ಎರಡನೆಯವಳಿಗೆ ಕೂಲಿಯುಂಟು, ಆದರೆ ಅದೇ ತೋಟದಲ್ಲಿ ದುಡಿಯುವ ಗಂಡಾಳಿಗಿಂತ ಕಡಮೆ. ಮಾರಾಟದ ದಿನ ಹಣ ಎಣಿಸುವಲ್ಲಿ ಇಬ್ಬರೂ ಇರುವುದಿಲ್ಲ. ಕೇಂದ್ರ ಸರ್ಕಾರವು 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲೊಂದಕ್ಕೆ 12,000 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ಆ ಬೆಲೆಗೆ ಕೊಬ್ಬರಿಯನ್ನು ಒಪ್ಪಿಸಬೇಕಾದರೆ ರೈತನೆಂದು ನೋಂದಣಿಯಾಗಿರಬೇಕು, ನೋಂದಣಿಗೆ ಪಹಣಿಯಲ್ಲಿ ಹೆಸರಿರಬೇಕು. ನಲವತ್ತು ವರ್ಷ ತೋಟದಲ್ಲಿ ದುಡಿದವಳಾದರೂ ಪಹಣಿಯಲ್ಲಿ ಹೆಸರಿಲ್ಲದವಳು ಲೆಕ್ಕದ ದೃಷ್ಟಿಯಲ್ಲಿ ರೈತಳಲ್ಲ. ಹೀಗಾದುದು ಯಾವ ಕಾರಣದಿಂದ? ಇದೇ ಇಂದಿನ ಪ್ರಶ್ನೆ.

ಇನ್ನು ಪೂರ್ವಪಕ್ಷ. ಮಾರ್ಕ್ಸನು 1883ರಲ್ಲಿ ತೀರಿಕೊಂಡ ಮರುವರ್ಷ, ಅಂದರೆ 1884ರಲ್ಲಿ, ಏಂಗೆಲ್ಸನು ಕುಟುಂಬ, ಖಾಸಗಿ ಸ್ವತ್ತು ಮತ್ತು ರಾಜ್ಯ ಇವುಗಳ ಮೂಲವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಅಮೆರಿಕಾ ದೇಶದ ಮೋರ್ಗನ್ ಎಂಬ ವಿದ್ವಾಂಸನು 1877ರಲ್ಲಿ ಬರೆದ ಪ್ರಾಚೀನ ಸಮಾಜವಿಷಯಕ ಗ್ರಂಥವೂ, ಅದನ್ನೋದಿ ಮಾರ್ಕ್ಸನು ಮಾಡಿಟ್ಟಿದ್ದ ಟಿಪ್ಪಣಿಗಳೂ ಆತನಿಗೆ ಆಧಾರವಾದುವು. ಆ ಗ್ರಂಥದ ತಾತ್ಪರ್ಯವು ಹೀಗಿದೆ. ಸ್ತ್ರೀಯು ಸ್ವಭಾವದಿಂದಲೇ ಅಧೀನಳೆಂಬುದು ಸುಳ್ಳು. ಆಕೆಯ ಅಧೀನತೆಗೆ ಒಂದು ಆದಿಯಿದೆ, ಕಾರಣವಿದೆ. ದನಕರುಗಳ ಹಿಂಡು, ಹೊಲ ಮೊದಲಾದ ಸಂಪತ್ತು ಬೆಳೆದು ಗಂಡಸಿನ ಕೈಯಲ್ಲಿ ನಿಂತಮೇಲೆ, ಅದನ್ನು ತನ್ನ ಮಕ್ಕಳಿಗೇ ಬಿಡಬೇಕೆಂಬ ಆಸೆ ಅವನಲ್ಲಿ ಹುಟ್ಟಿತು. ಮಕ್ಕಳು ತನ್ನವರೇ ಎಂಬ ಭದ್ರತೆಗಾಗಿ ಹೆಣ್ಣನ್ನು ಮನೆಯೊಳಗೆ ಕಟ್ಟಬೇಕಾಯಿತು. ಮೊದಲು ಇಡೀ ಬಳಗದ ಕಾರ್ಯವಾಗಿದ್ದ ಆಕೆಯ ಗೃಹಕೃತ್ಯವು ಒಬ್ಬ ಗಂಡಸಿನ ಖಾಸಗಿ ಸೇವೆಯಾಗಿ ಇಳಿದುಹೋಯಿತು. ಹೀಗೆ ಒಡೆಯ ಮತ್ತು ಆಳು ಎಂಬ ವರ್ಗಭೇದವೂ, ಗಂಡು ಮತ್ತು ಹೆಣ್ಣು ಎಂಬ ಮೇಲುಕೀಳೂ ಸ್ವತ್ತಿನ ಒಂದೇ ಬೇರಿನಿಂದ ಹುಟ್ಟಿದುವೆಂದು ಆತನ ಮತ. ಸ್ತ್ರೀಯರೆಲ್ಲರೂ ಮನೆಯ ಹೊರಗಿನ ಸಾಮಾಜಿಕ ದುಡಿಮೆಗೆ ಮರಳಿ ಬರುವುದು, ಗೃಹಕೃತ್ಯದ ಭಾರವನ್ನು ಸಮಾಜವೇ ಹೊರುವುದು, ಸ್ವತ್ತು ಕೆಲವರ ಕೈಯಲ್ಲಿ ನಿಲ್ಲದಿರುವುದು, ಇವು ಆತನು ಹೇಳಿದ ಪರಿಹಾರಗಳು.

ಈ ಗ್ರಂಥದ ಮಾತೆಲ್ಲವನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಎಲ್ಲ ದೇಶಗಳಲ್ಲಿಯೂ ಮೊದಲು ಮಾತೃಪ್ರಾಧಾನ್ಯವೇ ಇದ್ದಿತೆಂಬ ಊಹೆಯು ನಿಲ್ಲಲಿಲ್ಲ. ಆದರೂ ಹೆಣ್ಣಿನ ಸ್ಥಾನವನ್ನು ನಿಶ್ಚಯಿಸಬೇಕಾದರೆ ಸ್ವತ್ತು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂಬುದನ್ನು ನೋಡಬೇಕೆಂಬ ಮಾತು ಅಲ್ಲಗಳೆಯತಕ್ಕದ್ದಲ್ಲ. ಅದರ ನಿಜವನ್ನು ಪರೀಕ್ಷಿಸಲು ಯೂರೋಪಿಗೆ ಹೋಗಬೇಕಾದ ಅವಶ್ಯವೂ ಇಲ್ಲ. ಕಲ್ಯಾಣಕ್ಕೆ ಹೋದರೆ ಸಾಕು.

ಕಲ್ಯಾಣವೆಂದೊಡನೆ ಭಕ್ತರಿಗೆ ಅನುಭವಮಂಟಪವು ನೆನಪಿಗೆ ಬರುವುದು. ಅದೇ ಕಲ್ಯಾಣದಲ್ಲಿ, ಬಸವಣ್ಣನವರಿಗಿಂತ ಸ್ವಲ್ಪವೇ ಹಿಂದೆ, ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನೆಂಬ ಪಂಡಿತನಿದ್ದನು. ಯಾಜ್ಞವಲ್ಕ್ಯಸ್ಮೃತಿಗೆ ಆತನು ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ ಮೊದಲಾದ ಕೆಲವೆಡೆಗಳನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಸ್ವತ್ತಿನ ವಿಭಾಗವು ಶತಮಾನಗಳ ಕಾಲ ಆ ಗ್ರಂಥದ ಮೇರೆಗೆ ನಡೆಯಿತು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದೆಂಬುದು ಅದರ ಮುಖ್ಯ ಸಿದ್ಧಾಂತ. ಮಗಳಿಗೆ ಆ ಜನ್ಮಸಿದ್ಧ ಹಕ್ಕು ಇರಲಿಲ್ಲ. ಸ್ತ್ರೀಧನದ ವ್ಯಾಪ್ತಿಯನ್ನು ವಿಜ್ಞಾನೇಶ್ವರನು ಹಿಂದಿನವರಿಗಿಂತ ವಿಸ್ತರಿಸಿದನೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಆದರೆ ಮನೆತನದ ಹೊಲ ತೋಟಗಳು ಗಂಡುಮಕ್ಕಳ ಸಾಲಿನಲ್ಲಿಯೇ ಇಳಿದು ಬಂದುವು.

ಅದಾದ ಕೆಲವು ದಶಕಗಳೊಳಗೆ ಅದೇ ಪಟ್ಟಣದಲ್ಲಿ ಶರಣರ ಕ್ರಾಂತಿ ನಡೆಯಿತು. ಸ್ತ್ರೀಗೆ ಲಿಂಗದೀಕ್ಷೆ ದೊರೆಯಿತು. ಸೂತಕಗಳು ಲಿಂಗಾಂಗಿಗಿಲ್ಲವೆಂದು ಸಾರಲ್ಪಟ್ಟಿತು. ಮೂವತ್ತಕ್ಕೂ ಮಿಕ್ಕಿದ ಶಿವಶರಣೆಯರು ವಚನಗಳನ್ನು ರಚಿಸಿದರು. ಇವರ ವರ್ಗವನ್ನು ನೋಡಿದರೆ ಆಶ್ಚರ್ಯವಾಗುವುದು. ನೀಲಾಂಬಿಕೆ ಗಂಗಾಂಬಿಕೆಯರು ಮಂತ್ರಿಯ ಮನೆಯವರು. ಕದಿರೆ ರೆಮ್ಮವ್ವೆಯು ನೂಲುವವಳು, ಕೊಟ್ಟಣದ ಸೋಮವ್ವೆಯು ಬತ್ತ ಕುಟ್ಟುವವಳು, ಸೂಳೆ ಸಂಕವ್ವೆಯು ಸಮಾಜವು ಹೊರಗಿಟ್ಟಿದ್ದ ವೃತ್ತಿಯಿಂದ ಬಂದವಳು. ರೆಮ್ಮವ್ವೆಗೆ ತನ್ನ ರಾಟೆಯೇ, ಸೋಮವ್ವೆಗೆ ತನ್ನ ಒನಕೆಯ ಪೆಟ್ಟೇ ತತ್ತ್ವಕ್ಕೆ ದೃಷ್ಟಾಂತವಾಯಿತು. ದುಡಿಯುವ ಹೆಣ್ಣು ತನ್ನ ದುಡಿಮೆಯ ಭಾಷೆಯಲ್ಲಿಯೇ ಶಿವಾನುಭವವನ್ನು ಹೇಳುವುದು, ಅದನ್ನು ಮಂತ್ರಿಯೂ ಯೋಗಿಯೂ ಕುಳಿತು ಕೇಳುವುದು, ಇಂತಹ ಸಂಗತಿಯು 12ನೆಯ ಶತಮಾನದ ಲೋಕದಲ್ಲಿ ಬೇರೆಲ್ಲಿಯಾದರೂ ಸುಲಭವಾಗಿ ದೊರೆಯಲಾರದು.

ಇವರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ಇಂದಿನ ವಿಚಾರಕ್ಕೆ ಅತ್ಯಂತ ಸಮೀಪವಾದುದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹವನ್ನು ನಡೆಯಿಸುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಈ ಹೆಚ್ಚಿನದು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆ ದಂಪತಿಗಳ ಸಂವಾದಕ್ಕೆ ಶೂನ್ಯಸಂಪಾದನೆಯಲ್ಲಿ ಪ್ರತ್ಯೇಕ ಸ್ಥಾನವೇ ದೊರೆತಿದೆ. ಆ ಮಹಾಗ್ರಂಥವನ್ನು ಪರಿಷ್ಕರಿಸಿದವರಲ್ಲಿ ಗೂಳೂರು ಸಿದ್ಧವೀರಣ್ಣೊಡೆಯರು ಈ ತುಮಕೂರು ಸೀಮೆಯವರೇ ಎಂಬುದು ಸಭಿಕರಿಗೆ ಅಭಿಮಾನದ ವಿಷಯವಾಗತಕ್ಕದ್ದು.

ಸಾಮಾನ್ಯವಾಗಿ ಈ ಕಥೆಯನ್ನು ನಿರಾಶೆಗೆ ನಿದರ್ಶನವೆಂದು ಹೇಳಿ ಮುಗಿಸುವುದುಂಟು. ಅದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಗಂಡನು ತಂದುದನ್ನು ಲೆಕ್ಕ ನೋಡಿದವಳು ಹೆಂಡತಿ. ಇಷ್ಟು ಸಲ್ಲುವುದು, ಇಷ್ಟು ಸಲ್ಲದೆಂದು ತೀರ್ಮಾನ ಹೇಳಿದವಳು ಆಕೆ. ಆ ತೀರ್ಮಾನಕ್ಕೆ ಗಂಡನು ತಲೆಬಾಗಿದನು. ಮಾರಯ್ಯನ ಮನೆಯಲ್ಲಿ ಸ್ವತ್ತೆಂಬುದು ಒಂದು ಹಿಡಿ ಅಕ್ಕಿ. ಆ ಹಿಡಿ ಅಕ್ಕಿಯ ಮೇಲೆ ಲಕ್ಕಮ್ಮನಿಗೆ ಸಂಪೂರ್ಣವಾದ ಅಧಿಕಾರವಿದ್ದಿತು. ಹೆಣ್ಣಿಗೆ ಕಾಯಕವನ್ನು ಕೊಟ್ಟು ಲೆಕ್ಕವನ್ನು ಕೊಡದಿದ್ದರೆ ಅದು ಶರಣರ ಕಾಯಕವಾಗದು, ಕೇವಲ ಚಾಕರಿಯಾಗುವುದು.

ಇಲ್ಲಿಗೆ ಕಲ್ಯಾಣದ ಎರಡು ಹೊಳೆಗಳು ಸ್ಪಷ್ಟವಾದುವು. ಒಂದು ವಿಜ್ಞಾನೇಶ್ವರನ ದಾಯಭಾಗ, ಇನ್ನೊಂದು ಶರಣರ ಕಾಯಕ ದಾಸೋಹ. ಶರಣರನ್ನು ಗುರುಗಳೆಂದು ಒಪ್ಪಿದ ಮನೆತನಗಳು ಯಾವುದನ್ನು ಅನುಸರಿಸಿದುವು? ಪೂಜೆಯ ಕೋಣೆಯಲ್ಲಿ ಶರಣರನ್ನು ಅನುಸರಿಸಿದುವು. ಪಾಲುಪಾರಿಕತ್ತಿನ ದಿನ ವಿಜ್ಞಾನೇಶ್ವರನನ್ನು ಅನುಸರಿಸಿದುವು. ಲಿಂಗವಂತರ ಮನೆಗಳ ವಿಭಾಗದ ವ್ಯಾಜ್ಯಗಳೂ ನ್ಯಾಯಸ್ಥಾನಗಳಲ್ಲಿ ಮಿತಾಕ್ಷರದ ಮೇರೆಗೇ ತೀರ್ಮಾನವಾಗುತ್ತ ಬಂದುವು. ಮಗಳ ಕೊರಳಿಗೂ ಮಗನ ಕೊರಳಿಗೂ ಒಂದೇ ಲಿಂಗವನ್ನು ಕಟ್ಟಿದ ತಂದೆಯು ತೋಟವನ್ನು ಮಾತ್ರ ಮಗನಿಗೇ ಬರೆದನು. ಏಂಗೆಲ್ಸನು ಕಲ್ಯಾಣವನ್ನು ಕಂಡವನಲ್ಲ. ಆದರೆ ದೀಕ್ಷೆಯು ಸಮನಾಗಿದ್ದರೂ ಸ್ವತ್ತು ಸಮನಾಗದಿದ್ದರೆ ಹೆಣ್ಣಿನ ಸ್ಥಾನವು ಸಮನಾಗುವುದಿಲ್ಲವೆಂಬ ಆತನ ಪೂರ್ವಪಕ್ಷಕ್ಕೆ ಈ ಸಂಗತಿಗಿಂತ ಬಲವಾದ ದೃಷ್ಟಾಂತವು ಬೇಡ.

ಹಾಗಾದರೆ ಮಾರ್ಕ್ಸನ ಮತವನ್ನೇ ಸಂಪೂರ್ಣವಾಗಿ ಒಪ್ಪಬೇಕೆ? ಅದರ ಕೊರತೆಯನ್ನೂ ನೋಡತಕ್ಕದ್ದು. ರಷ್ಯಾ ದೇಶದ ಪೆಟ್ರೋಗ್ರಾಡ್ ನಗರದಲ್ಲಿ 1917ರ ಮಾರ್ಚಿ 8ರಂದು ನೂಲಿನ ಗಿರಣಿಗಳ ಹೆಂಗಸರು ರೊಟ್ಟಿಗಾಗಿ ಬೀದಿಗಿಳಿದರು. ಆ ಚಳವಳಿಯು ಬೆಳೆದು ಚಕ್ರವರ್ತಿಯ ಸಿಂಹಾಸನವೇ ಉರುಳಿತು. ಬಳಿಕ ಅಧಿಕಾರಕ್ಕೆ ಬಂದ ಮಾರ್ಕ್ಸನ ಅನುಯಾಯಿಗಳು ಸ್ತ್ರೀಪುರುಷರಿಗೆ ಸಮಾನ ಹಕ್ಕುಗಳನ್ನು ಶಾಸನದಿಂದ ಕೊಟ್ಟರು. 1919ರಲ್ಲಿ ಪಕ್ಷದೊಳಗೆ ಸ್ತ್ರೀಯರಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದರು, 1930ರಲ್ಲಿ ಅದನ್ನು ಮುಚ್ಚಿದರು. ಹೆಂಗಸರು ಗಿರಣಿಗೆ ಹೋದರು, ವೈದ್ಯರಾದರು, ಯಂತ್ರಗಳನ್ನು ನಡೆಯಿಸಿದರು. ಸಾಯಂಕಾಲ ಮನೆಗೆ ಬಂದಮೇಲೆ ಒಲೆಯ ಮುಂದೆ ನಿಂತವರೂ ಅವರೇ. 1991ರಲ್ಲಿ ಆ ರಾಜ್ಯವು ಮುರಿದುಬೀಳುವವರೆಗೂ ಈ ಇಮ್ಮಡಿ ಹೊರೆಯು ಇಳಿಯಲಿಲ್ಲ. ಸ್ವತ್ತಿನ ವ್ಯವಸ್ಥೆಯು ಬದಲಾದೊಡನೆ ಗಂಡಿನ ಮನಸ್ಸು ತಾನಾಗಿ ಬದಲಾಗದೆಂಬುದು ಇದರಿಂದ ಸಿದ್ಧವಾಗುವುದು. ಅಂತರಂಗದ ಶುದ್ಧಿಯನ್ನು ಕುರಿತು ಶರಣರು ಹೇಳಿದ್ದು ಇಲ್ಲಿ ಬೇಕಾಗುತ್ತದೆ.

ಕೂಲಿಯೊಂದೇ ಹೆಣ್ಣನ್ನು ಸ್ವತಂತ್ರಳನ್ನಾಗಿ ಮಾಡಲಾರದೆಂಬುದಕ್ಕೆ ಕರ್ನಾಟಕದಲ್ಲಿಯೇ ಸಾಕ್ಷಿಯುಂಟು. ಬೆಂಗಳೂರಿನ ಸಿದ್ಧ ಉಡುಪುಗಳ ಕಾರ್ಖಾನೆಗಳಲ್ಲಿ ಲಕ್ಷಾಂತರ ಮಂದಿ ದುಡಿಯುತ್ತಾರೆ, ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಹೋದ ಹೆಣ್ಣುಮಕ್ಕಳು. ಭವಿಷ್ಯನಿಧಿಯಲ್ಲಿ ಕೂಡಿಟ್ಟ ಹಣದೊಳಗೆ ಮಾಲಿಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂದು 2016ರಲ್ಲಿ ಹೊಸ ನಿಯಮವು ಹೊರಟಿತು. ಏಪ್ರಿಲ್ ತಿಂಗಳಿನಲ್ಲಿ ಆ ಹೆಂಗಸರು ಸಹಸ್ರ ಸಹಸ್ರವಾಗಿ ರಸ್ತೆಗಿಳಿದರು. ಎರಡು ದಿವಸಗಳೊಳಗಾಗಿ ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆಗೂ ಮನೆಯವರ ಕಾಯಿಲೆಗೂ ಆ ಹಣವೊಂದೇ ಅವರಿಗೆ ಆಧಾರವಾಗಿದ್ದಿತು. ಅವರು ಕೇಳಿದ್ದು ಹೊಸದಾಗಿ ಏನನ್ನೂ ಅಲ್ಲ, ತಾವೇ ದುಡಿದು ಕೂಡಿಟ್ಟ ಹಣದ ಮೇಲೆ ತಮ್ಮ ಅಧಿಕಾರವನ್ನು. ಲಕ್ಕಮ್ಮನು ಒಂದು ಹಿಡಿ ಅಕ್ಕಿಯ ಮೇಲೆ ನಡೆಯಿಸಿದ ಅಧಿಕಾರವೂ ಇದೇ.

ಈಗ ಶಾಸನದ ಸ್ಥಿತಿಯನ್ನು ಸಂಗ್ರಹವಾಗಿ ಹೇಳಬಹುದು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವನ್ನು ಮಾಡಿ, ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಕೆಲವು ಪಾಲುಗಳನ್ನು ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಪಾಲು ಕೊಟ್ಟ ಶಾಸನವು ಹೊರಟುದು 1937ರಲ್ಲಿ. ಸ್ವಾತಂತ್ರ್ಯಾನಂತರ ಹಿಂದೂ ಸಂಹಿತೆಯ ಮಸೂದೆಯು ನೆನೆಗುದಿಗೆ ಬಿದ್ದುದನ್ನು ಮುಖ್ಯ ಕಾರಣಗಳಲ್ಲೊಂದಾಗಿ ಹೇಳಿ ಡಾಕ್ಟರ್ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ತ್ಯಜಿಸಿದರು. 1956ರ ಹಿಂದೂ ಉತ್ತರಾಧಿಕಾರ ಶಾಸನವು ಬಂದಾಗ, ಅದು ಯಾರಿಗೆ ಅನ್ವಯಿಸುವುದೆಂದು ಹೇಳುವ ಎರಡನೆಯ ಪ್ರಕರಣದಲ್ಲಿಯೇ ವೀರಶೈವ, ಲಿಂಗಾಯತ ಎಂಬ ಪದಗಳು ಬರೆಯಲ್ಪಟ್ಟುವು. ಆದ್ದರಿಂದ ಇದು ಪರರ ಮನೆಯ ಶಾಸನವೆಂದು ಹೇಳಲು ಈ ಸಭೆಯಲ್ಲಿ ಯಾರಿಗೂ ಎಡೆಯಿಲ್ಲ. 1994ರ ಜುಲೈ 30ರಿಂದ ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ, ಆ ವೇಳೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಮದುವೆಯಾದ ಹೆಣ್ಣುಮಕ್ಕಳಿಗೂ ಅದು ಲಭಿಸಿತು. ಆ ದಿನ ತಂದೆಯು ಬದುಕಿರಬೇಕೆಂಬ ನಿರ್ಬಂಧವಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದುದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪು ಹೇಳಿತು. ವಿಜ್ಞಾನೇಶ್ವರನು ಮಗನಿಗೆ ಮೀಸಲಿಟ್ಟ ಜನ್ಮಸ್ವತ್ವವು ಸುಮಾರು ಒಂಬೈನೂರು ವರ್ಷಗಳ ಮೇಲೆ ಮಗಳಿಗೂ ಬಂದಿತು.

ಕಾನೂನು ಬಂದಿತು. ತೋಟ ಬಂದಿತೆ? ಈ ಸೀಮೆಯ ಮನೆಮನೆಗೂ ಗೊತ್ತಿರುವ ಸಂಗತಿಯೊಂದನ್ನು ಇಲ್ಲಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ತಂದೆಯು ಲಿಂಗೈಕ್ಯನಾದ ಕೆಲವು ತಿಂಗಳಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಯಿಸುತ್ತಾರೆ. ಮನೆಯಲ್ಲಿ ಹೋಳಿಗೆಯ ಊಟವಾಗುತ್ತದೆ, ಸೀರೆ ಕುಪ್ಪಸಗಳಿಂದ ಮಡಿಲು ತುಂಬುತ್ತಾರೆ. ಆಮೇಲೆ ಸಬ್ ರಿಜಿಸ್ಟ್ರಾರರ ಕಛೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುತ್ತಾರೆ. ರುಜು ಹಾಕದಿದ್ದರೆ ತವರಿನ ಬಾಗಿಲು ಮುಚ್ಚುವುದೆಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಅವಶ್ಯವೇ ಬೀಳುವುದಿಲ್ಲ. ಸ್ವಂತ ಮನಸ್ಸಿನಿಂದ ಬಿಟ್ಟುಕೊಡುವ ಹೆಣ್ಣುಮಕ್ಕಳೂ ಇಲ್ಲದಿಲ್ಲ. ಆದರೆ ಅಂಜಿಕೆಯಿಂದ ಕೊಟ್ಟುದನ್ನು ತ್ಯಾಗವೆಂದು ಯಾವ ಶಾಸ್ತ್ರವೂ ಕರೆಯುವುದಿಲ್ಲ.

ಇದಕ್ಕೆ ಮೂರು ಸಮರ್ಥನೆಗಳು ಹೇಳಲ್ಪಡುವುವು. ಮದುವೆಯಲ್ಲಿ ಕೊಟ್ಟದ್ದೇ ಅವಳ ಪಾಲು ಎಂಬುದು ಮೊದಲನೆಯದು. ವರದಕ್ಷಿಣೆಯು 1961ರಿಂದ ಶಾಸನವಿರುದ್ಧವಾದುದು. ಅದು ಹಾಗಿರಲಿ, ಆ ಹಣವು ಮಗಳ ಕೈಯಲ್ಲಿ ನಿಂತಿತೆ? ಬೀಗರ ಕೈಗೆ ಕೊಟ್ಟುದನ್ನು ಮಗಳಿಗೆ ಕೊಟ್ಟ ಪಾಲೆಂದು ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ? ಹೆಣ್ಣುಮಕ್ಕಳಿಗೂ ಹಂಚಿದರೆ ತೋಟವು ತುಂಡುತುಂಡಾಗುವುದೆಂಬುದು ಎರಡನೆಯದು. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡಾಗ ಆಗದ ತುಂಡು ಒಬ್ಬ ತಂಗಿಗೆ ಕೊಟ್ಟಾಗ ಮಾತ್ರ ಆಗುವುದೆಂಬುದು ತರ್ಕಕ್ಕೆ ನಿಲ್ಲದ ಮಾತು. ಇದಲ್ಲದೆ ಪಹಣಿಯನ್ನು ಜಂಟಿಯಾಗಿರಿಸಿ, ತೋಟವನ್ನು ಒಬ್ಬರು ನೋಡಿಕೊಂಡು, ವರ್ಷದ ಕೊಬ್ಬರಿಯ ಹುಟ್ಟುವಳಿಯನ್ನು ಖರ್ಚು ಕಳೆದು ಹಂಚಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮರವನ್ನು ಸೀಳಬೇಕಾಗಿಲ್ಲ, ಲೆಕ್ಕವನ್ನು ಸರಿಯಾಗಿಟ್ಟರೆ ಸಾಕು. ಹೆಣ್ಣು ಗಂಡನ ಮನೆಗೆ ಸೇರಿದವಳು, ಅಲ್ಲಿಯೇ ಅವಳಿಗೆ ಆಸ್ತಿಯುಂಟೆಂಬುದು ಮೂರನೆಯದು. ಗಂಡನ ಮನೆಯ ಪಹಣಿಯಲ್ಲಿ ಗಂಡನ ಹೆಸರು, ತವರಿನ ಪಹಣಿಯಲ್ಲಿ ಅಣ್ಣನ ಹೆಸರು. ಗಂಡನು ಬಿಟ್ಟ ದಿನ, ಇಲ್ಲವೆ ತೀರಿಕೊಂಡ ದಿನ, ಅವಳು ಯಾವ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಬೇಕು? ಅಕ್ಕನಾಗಮ್ಮ, ಅಕ್ಕಮಹಾದೇವಿಯರನ್ನು ಅಕ್ಕ ಅಕ್ಕ ಎಂದು ಹಾಡಿ ಹೊಗಳಿ, ಒಡಹುಟ್ಟಿದ ಅಕ್ಕನಿಗೆ ಆ ಜಗಲಿಯನ್ನೂ ಉಳಿಸದಿರುವುದು ಭಕ್ತಿಯ ಲಕ್ಷಣವೆಂದು ಯಾರೂ ಹೇಳಲಾರರು.

ಇಲ್ಲಿ ಮಾರ್ಕ್ಸನ ಪಕ್ಷದವರು ಮತ್ತೊಂದು ಆಕ್ಷೇಪವನ್ನು ತೆಗೆಯಬಲ್ಲರು. ತೋಟವಂತನ ಮಗಳಿಗೆ ತೋಟದ ಪಾಲು ಬಂದರೆ ಅವಳೂ ತೋಟವಂತಳಾದಳು. ಹಟ್ಟಿಯಿಂದ ಬರುವ ಕೂಲಿಯ ಹೆಣ್ಣಿಗೆ ಅದರಿಂದ ಬಂದುದೇನು? ಆ ಕೂಲಿಯವಳಿಗೆ ಕಡಮೆ ಕೊಡುವ ಕೈಯೂ ಕೆಲವೆಡೆ ಹೆಂಗಸಿನದೇ ಅಲ್ಲವೆ? ಈ ಆಕ್ಷೇಪವು ನ್ಯಾಯವಾದುದು, ಇದನ್ನು ಒಪ್ಪಿಯೇ ಮುಂದುವರಿಯಬೇಕು. ಹೆಣ್ಣೆಂಬ ಮಾತ್ರದಿಂದ ಎಲ್ಲ ಹೆಂಗಸರ ಕಷ್ಟವೂ ಒಂದಾಗುವುದಿಲ್ಲ. ಜಾತಿಯ ಭಾರವೂ ಬಡತನದ ಭಾರವೂ ಕೂಡಿದವಳ ಹೊರೆಯೇ ಬೇರೆ. ಅವಳ ತಂದೆಗೆ ತೋಟವೇ ಇಲ್ಲದಿರುವಾಗ ಉತ್ತರಾಧಿಕಾರದ ಶಾಸನವು ಅವಳಿಗೆ ಏನನ್ನು ಕೊಟ್ಟೀತು? ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಶಾಸನವು ಈ ದೇಶದಲ್ಲಿ 1976ರಲ್ಲಿಯೇ ಆಯಿತು. ತೋಟದ ಬೇಲಿಯನ್ನು ಅದು ಇನ್ನೂ ಪೂರ್ತಿಯಾಗಿ ದಾಟಿಲ್ಲ.

ಈ ಆಕ್ಷೇಪಕ್ಕೂ ಲಕ್ಕಮ್ಮನಲ್ಲಿಯೇ ಸಮಾಧಾನವುಂಟು. ದುಡಿದವನಿಗೆ ಕೂಲಿಯಾಗಿ ಕೊಟ್ಟುದಕ್ಕಿಂತ ಹೆಚ್ಚಾಗಿ ಅವನ ದುಡಿಮೆಯು ಹುಟ್ಟಿಸಿದ ಬೆಲೆಯನ್ನು ಒಡೆಯನು ಇಟ್ಟುಕೊಳ್ಳುವುದನ್ನು ಮಾರ್ಕ್ಸನು ಹೆಚ್ಚುವರಿ ಮೌಲ್ಯವೆಂದು ಕರೆದನು. ಆತನ ದೃಷ್ಟಿಯು ಒಡೆಯನ ಕಣಜದ ಮೇಲೆ. ಲಕ್ಕಮ್ಮನ ದೃಷ್ಟಿಯು ತನ್ನ ಗಂಡನ ಉಡಿಯ ಮೇಲೆ. ಹೆಚ್ಚಿನದು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಇಬ್ಬರೂ ಕೇಳಿದರು. ಮಾರ್ಕ್ಸನು ಅದನ್ನು ಇನ್ನೊಬ್ಬನಿಗೆ ಕೇಳಿದನು, ಲಕ್ಕಮ್ಮನು ತನ್ನವನಿಗೇ ಕೇಳಿದಳು. ಒಂದು ಹಿಡಿ ಅಕ್ಕಿ ಹೆಚ್ಚಾಯಿತೆಂದು ಬಡವಿಯೊಬ್ಬಳು ನೊಂದುಕೊಂಡ ಮೇಲೆ, ಅಟ್ಟದ ತುಂಬ ಕಾಯಿಯಿರುವ ಮನೆಯಲ್ಲಿ ಚಿಪ್ಪು ಬಿಡಿಸಿದವಳ ಕೂಲಿಯೊಳಗೆ ಉಳಿಸಿಕೊಂಡ ಹಣವನ್ನು ದಾಸೋಹಕ್ಕೆ ತಂದೊಪ್ಪಿಸಿದರೆ ಜಂಗಮನು ಅದನ್ನು ಪ್ರಸಾದವೆಂದು ಕೈಕೊಳ್ಳಬಹುದೆ? ಸತ್ಯಶುದ್ಧ ಕಾಯಕದಿಂದ ಬಾರದ ಹಣವು ದಾಸೋಹಕ್ಕೆ ಸಲ್ಲದೆಂಬುದು ಶರಣರ ನಿಶ್ಚಯ. ಮಠಕ್ಕೆ ಸಲ್ಲುವ ಕಾಣಿಕೆಗೂ ಈ ನಿಶ್ಚಯವು ಅನ್ವಯಿಸುವುದು.

ಆದ್ದರಿಂದ ಸಿದ್ಧಾಂತವು ಹೀಗೆ. ಸ್ತ್ರೀಯ ದಾಸ್ಯಕ್ಕೆ ಸ್ವತ್ತಿನ ವ್ಯವಸ್ಥೆಯು ಕಾರಣವೆಂಬಲ್ಲಿ ಪೂರ್ವಪಕ್ಷವು ಸತ್ಯ. ಅದೊಂದೇ ಕಾರಣವೆಂಬಲ್ಲಿ ಅಸಮಗ್ರ. ಸ್ತ್ರೀಗೆ ದೀಕ್ಷೆಯನ್ನ ಕೊಟ್ಟು ಮಾತನ್ನು ಕೊಟ್ಟುದು ಶರಣಧರ್ಮದ ಹಿರಿಮೆ. ಆ ಸಮತೆಯನ್ನು ಪಾಲಿನ ಪತ್ರದವರೆಗೆ ಒಯ್ಯದಿದ್ದುದು ಅನುಯಾಯಿಗಳ ದೋಷ. ದೋಷವು ತಿಳಿದಮೇಲೆ ಅದನ್ನು ತಿದ್ದಿಕೊಳ್ಳುವುದೇ ಆಚಾರ.

ತಿದ್ದುವ ದಾರಿಯು ದೂರದಲ್ಲಿಲ್ಲ. ಮನೆಯ ಯಜಮಾನರು ಬದುಕಿರುವಾಗಲೇ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಪಾಲಿನ ಮಾತನ್ನು ತೆರೆದು ಆಡಲಿ. ಅಕ್ಕತಂಗಿಯರನ್ನು ಬಿಡುಗಡೆ ಪತ್ರಕ್ಕೆ ಕರೆಯುವ ಅಣ್ಣತಮ್ಮಂದಿರು ಅದಕ್ಕೆ ಮುಂಚೆ ಅವರ ಪಾಲೆಷ್ಟೆಂಬ ಲೆಕ್ಕವನ್ನು ಅವರ ಕೈಗೆ ಕೊಡಲಿ, ಯೋಚಿಸಲು ಕಾಲವನ್ನೂ ಕೊಡಲಿ. ಮನೆಯ ಸೊಸೆಯು ತೋಟದಲ್ಲಿ ದುಡಿಯುವವಳಾದರೆ ಕೊಬ್ಬರಿ ಮಾರಿದ ದಿನ ಹಣದ ಲೆಕ್ಕವು ಅವಳ ಎದುರಿಗಾಗಲಿ. ಕೂಲಿಗೆ ಬಂದ ಹೆಣ್ಣಿಗೂ ಗಂಡಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಸಲ್ಲಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಶಾಸನವು ಬೇಕಾಗಿಲ್ಲ, ಹೊಸ ಮತವೂ ಬೇಕಾಗಿಲ್ಲ. ಲಕ್ಕಮ್ಮನ ಮಾತಿಗೆ ಮಾರಯ್ಯನು ತಲೆಬಾಗಿದಂತೆ ತಲೆಬಾಗುವ ವಿನಯವೊಂದು ಬೇಕು.

ಕಗ್ಗೆರೆಯಲ್ಲಿ ತಪಸ್ಸನ್ನಾಚರಿಸಿ ಎಡೆಯೂರಿನಲ್ಲಿ ನೆಲೆಗೊಂಡ ಸಿದ್ಧಲಿಂಗಯತಿಗಳನ್ನು ಲೋಕವು ತೋಟದ ಸಿದ್ಧಲಿಂಗರೆಂದೇ ಕರೆಯಿತು. ಆ ಮಹಾತ್ಮರ ಹೆಸರಿನೊಳಗೆ ತೋಟವಿದೆ, ಅವರ ಕೈಯಲ್ಲಿ ತೋಟವಿರಲಿಲ್ಲ. ಅವರ ಪಾದಸ್ಪರ್ಶದಿಂದ ಪುನೀತವಾದ ಈ ಸೀಮೆಯಲ್ಲಿ ತೋಟವುಳ್ಳವರು ತಮ್ಮ ಹೆಣ್ಣುಮಕ್ಕಳಿಗೆ ಸಲ್ಲತಕ್ಕುದನ್ನು ಸಲ್ಲಿಸಿ, ದುಡಿದವಳಿಗೆ ದುಡಿಮೆಯ ಫಲವನ್ನಿತ್ತು, ಶುದ್ಧವಾದ ಕೈಗಳಿಂದ ದಾಸೋಹವನ್ನು ನಡೆಯಿಸುವಂತಾಗಲಿ. ಶರಣು ಶರಣಾರ್ಥಿ.

ಶ್ರೀಗುರುಬಸವಲಿಂಗಾಯ ನಮಃ